ಕೈಯಲ್ಲಿದ್ದವಳು

ಸನ್ಮಾನಕ್ಕೆ ಕರೆಯಲು ಬಂದವನು ಮೂಗು ಮುಚ್ಚಿಕೊಂಡೇ ಬಂದ.

ಅವನು ನಗರ ಕಚೇರಿಯ ಗುಮಾಸ್ತ. ಕಸದ ಗುಡ್ಡದ ಬುಡದಲ್ಲಿ ನಿಂತು, ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡು, ಬಸ್ಸಿನಿಂದ ಜನರನ್ನು ಎಳೆದು ಹಾಕಿದ ಹೆಂಗಸು ನಿಮ್ಮಲ್ಲಿ ಯಾರು ಎಂದು ಕೂಗಿ ಕೇಳಿದ. ಮೇಲೆ ಬಗ್ಗಿಕೊಂಡಿದ್ದವರು ಯಾರೂ ಬೆನ್ನು ನೆಟ್ಟಗೆ ಮಾಡಲಿಲ್ಲ. ಆಗಷ್ಟೇ ಲಾರಿ ಬಂದು ಸುರಿದುಹೋಗಿತ್ತು. ಹೊಸ ರಾಶಿಯಲ್ಲಿ ಮೊದಲು ಕೊಕ್ಕೆ ಹಾಕಿದವರದ್ದೇ ಮಾಲು. ಆ ಹೊತ್ತಿನಲ್ಲಿ ಯಮ ಬಂದು ಕರೆದರೂ ನಿಂತು ಕಾಯಬೇಕಾದದ್ದೇ.

ಕೊನೆಗೆ, ಬಾಟಲಿ ಆಯುತ್ತಿದ್ದ ಬಾಟ್ಲಿ ತಾತ ಗದ್ದ ಎತ್ತಿ ತೋರಿಸಿದ. ಅಗೋ, ಅತ್ತಿಗೆ.

ಗುಡ್ಡದಲ್ಲಿ ಎಲ್ಲರೂ ಅವಳನ್ನು ಅತ್ತಿಗೆ ಎಂದೇ ಕರೆಯುತ್ತಿದ್ದರು. ಅವಳ ನಾದಿನಿ ಹಗಲೆಲ್ಲ ಅತ್ತಿಗೆ, ಅತ್ತಿಗೆ ಎಂದು ಗಂಟಲು ಹರಿಯುವಂತೆ ಕೂಗಿ ಕೂಗಿ ಅದೇ ಹೆಸರಾಗಿ ನಿಂತಿತ್ತು. ಕೂಗುವವಳು ಈಗ ಇರಲಿಲ್ಲ. ಹೆಸರು ಉಳಿದಿತ್ತು.

ಅತ್ತಿಗೆ ಇಳಿದು ಬರಲಿಲ್ಲ. ಗುಮಾಸ್ತನೇ ಹತ್ತಬೇಕಾಯಿತು. ಬೂಟು ಕೊಳೆತದ್ದರಲ್ಲಿ ಹೂತು ಹೋದಾಗಲೆಲ್ಲ ಅವನು ನಿಂತು ಕಾಲು ಒದರುತ್ತಿದ್ದ. ಹತ್ತಿರ ಬಂದವನು ಅವಳ ಮುಖ ನೋಡಲಿಲ್ಲ, ಅವಳ ತಲೆಯ ಮೇಲಿನ ಗಾಳಿಗೆ ಹೇಳುವವನಂತೆ ಹೇಳಿದ. ಆಪತ್ತಿನಲ್ಲಿ ಜೀವ ಉಳಿಸಿದ ಸಾಮಾನ್ಯ ಜನರಿಗೆ ನಗರದ ವತಿಯಿಂದ ಗೌರವ. ಅಧ್ಯಕ್ಷರೇ ಪದಕ ಹಾಕುತ್ತಾರೆ. ಸ್ನಾನ ಮಾಡಿಕೊಂಡು ಬರಬೇಕು. ಬಟ್ಟೆ ಕಚೇರಿಯಿಂದಲೇ ಕೊಡುತ್ತಾರೆ. ಮಾತಾಡುವ ಅಗತ್ಯವಿಲ್ಲ, ನಮಸ್ಕಾರ ಅಂದರೆ ಸಾಕು.

"ನನ್ನ ನಾದಿನಿಗೆ?" ಎಂದು ಕೇಳಿದಳು ಅತ್ತಿಗೆ.

ಗುಮಾಸ್ತ ಕರವಸ್ತ್ರವನ್ನು ಇನ್ನೊಂದು ಕೈಗೆ ಬದಲಿಸಿದ. ಆ ವಿಷಯ ಬೇಡ ಎಂದ.

"ಮತ್ತೆ ಯಾರ್ಯಾರಿಗೆ ಕೊಡ್ತಾರೆ?"

ಬೆಂಕಿ ಆರಿಸುವ ವಾಹನದ ಚಾಲಕನಿಗೆ, ಆಂಬುಲೆನ್ಸಿನ ನರ್ಸಿಗೆ. ಆಮೇಲೆ ಸ್ವಲ್ಪ ತಡೆದು ಹೇಳಿದ. "ಪೆಟ್ರೋಲ್ ಬಂಕಿನ ಸಾಹೇಬ್ರಿಗೆ. ಕೂಸನ್ನ ಕಳ್ಳಿ ಕೈಯಿಂದ ಬಿಡಿಸಿದ್ರಲ್ಲ, ಅದಕ್ಕೆ."

ಅತ್ತಿಗೆಯ ಕೈಯಲ್ಲಿದ್ದ ಕೊಕ್ಕೆ ರಾಶಿಯೊಳಗೆ ಇಳಿದದ್ದು ಮೇಲೆ ಬರಲಿಲ್ಲ. ಗುಮಾಸ್ತ ಎರಡು ಹೆಜ್ಜೆ ಹಿಂದೆ ಸರಿದ. ಅವಳು ಕೊಕ್ಕೆಯನ್ನು ಅಲ್ಲೇ ಬಿಟ್ಟು, ಬರುತ್ತೇನೆ ಅಂತ ಹೇಳಿ ಎಂದಳು.

ಅವನು ಇಳಿದು ಹೋದ ಮೇಲೆ ಬಾಟ್ಲಿ ತಾತ ಪಕ್ಕಕ್ಕೆ ಬಂದು ಕೂತ. ಹೋಗಬೇಡ ತಾಯಿ ಎಂದ. ಕಚ್ಚಿದ ಹಾವೇ ಬಂದು ಗಾಯ ಸವರುತ್ತೇನೆ ಅಂದರೆ ಕಾಲು ಚಾಚುತ್ತಾರಾ ಯಾರಾದರೂ?

"ಅವನ ಮುಖ ಹತ್ತಿರದಿಂದ ನೋಡ್ಬೇಕು ತಾತ," ಎಂದಳು. "ಅವತ್ತು ದೂರದಿಂದ ನೋಡಿದ್ದೆ."

*

ಅತ್ತಿಗೆ ನಾದಿನಿಯರನ್ನು ಕೈಬಿಟ್ಟವನು ಒಬ್ಬನೇ ಗಂಡಸು. ಒಬ್ಬಳಿಗೆ ಕಟ್ಟಿಕೊಂಡವನು, ಇನ್ನೊಬ್ಬಳಿಗೆ ಒಡಹುಟ್ಟಿದವನು. ಅವನು ಒಂದು ದಿನ ಲಾರಿ ಹತ್ತಿ ಹೋದವನು ತಿರುಗಿ ಬರಲಿಲ್ಲ. ಅಕ್ಕಪಕ್ಕದವರು ನಾದಿನಿಗೆ ಬುದ್ಧಿ ಹೇಳಿದರು. ಅಣ್ಣನೇ ಇಲ್ಲದ ಮೇಲೆ ಅತ್ತಿಗೆ ಏನು, ನಿನ್ನ ದಾರಿ ನೀನು ನೋಡಿಕೋ. ನಾದಿನಿ ನಕ್ಕುಬಿಟ್ಟಳು. ಬಿಟ್ಟವನು ಅವನು, ನಾನೇನು ಬಿಟ್ಟಿದೀನಾ ಎಂದಳು. ಅವಳ ಬಾಯಿ ದೊಡ್ಡದು. ಬಾಯಿಗಿಂತ ತೋಳು ದೊಡ್ಡದು. ತಗಡು ತುಂಬಿದ ಚೀಲವನ್ನು ಒಂದೇ ಎತ್ತಿಗೆ ಬೆನ್ನಿಗೆ ಹಾಕಿಕೊಂಡು, ನನ್ನ ಮದುವೆ ಆಗೋ ಗಂಡು ಈ ಚೀಲ ಎತ್ತಲಿ ನೋಡೋಣ, ಆಮೇಲೆ ನನ್ನ ಎತ್ತೋ ಮಾತು ಎನ್ನುವಳು. ಯಾರೂ ಎತ್ತಲಿಲ್ಲ. ಇಬ್ಬರೂ ಒಂದೇ ತಗಡಿನ ಗೂಡಿನಲ್ಲಿ, ಒಂದೇ ಚಾಪೆಯ ಮೇಲೆ, ಹಾವು ಮುಂಗುಸಿಯಂತೆ ಜಗಳಾಡುತ್ತ ಬದುಕಿದರು. ಒಬ್ಬಳಿಗೆ ಜ್ವರ ಬಂದರೆ ಇನ್ನೊಬ್ಬಳ ಬಾಯಿ ಮುಚ್ಚುತ್ತಿತ್ತು.

ಗುಡ್ಡವನ್ನು ಬಳಸಿಕೊಂಡು ದೊಡ್ಡ ರಸ್ತೆ ತಿರುಗುತ್ತದೆ. ತಿರುವಿನ ಆಚೆ ಪೆಟ್ರೋಲ್ ಬಂಕು. ಬಂಕಿನ ಮುಂದೆ ಒಂದು ನಲ್ಲಿ. ಆ ನಲ್ಲಿಯಲ್ಲಿ ಕಾರು ತೊಳೆಯಬಹುದು, ಕಸದವರು ಬಾಯಿ ತೊಳೆಯಬಾರದು. ಹಿಂದೊಮ್ಮೆ ನಾದಿನಿ ಅಲ್ಲಿ ಬೊಗಸೆ ಒಡ್ಡಿದಾಗ ಬಂಕಿನ ಮಾಲೀಕ ಪೈಪಿನ ಮೂತಿಯನ್ನು ಅವಳ ಮುಖಕ್ಕೇ ತಿರುಗಿಸಿ ನೀರು ಬಿಟ್ಟಿದ್ದ, ನಾಯಿಗೆ ಬಿಡುವಂತೆ. ಸುತ್ತ ನಿಂತವರು ನಕ್ಕಿದ್ದರು. ಅವಳು ಒದ್ದೆಯಾಗಿಯೇ ಬಂದು, ಪುಕ್ಕಟೆ ಸ್ನಾನ ಆಯ್ತು ಅತ್ತಿಗೆ ಎಂದಿದ್ದಳು. ಆದರೆ ಆ ದಿನವೆಲ್ಲ ಮತ್ತೆ ಮಾತಾಡಿರಲಿಲ್ಲ.

ಬಸ್ಸು ಮಗುಚಿದ್ದು ಆ ತಿರುವಿನಲ್ಲೇ. ಮಟಮಟ ಮಧ್ಯಾಹ್ನ. ಗುಡ್ಡದ ಮೇಲಿದ್ದವರಿಗೆ ಮೊದಲು ಕೇಳಿಸಿದ್ದು ಸದ್ದು, ಆಮೇಲೆ ಒಂದು ಕ್ಷಣ ಏನೂ ಇಲ್ಲ, ಆಮೇಲೆ ಒಳಗಿನ ಕೂಗು. ಬಸ್ಸು ಬಾಗಿಲಿನ ಮಗ್ಗುಲಿಗೇ ಬಿದ್ದಿತ್ತು. ಹಿಂದಿನ ತುರ್ತು ಬಾಗಿಲು ಯಾವಾಗಲೋ ತುಕ್ಕು ಹಿಡಿದು ಬೆಸೆದುಕೊಂಡಿತ್ತು. ಉಳಿದದ್ದು ಆಕಾಶ ನೋಡುತ್ತಿದ್ದ ಕಿಟಕಿಗಳು. ಕಿಟಕಿಗಳಿಗೆ ಕಬ್ಬಿಣದ ಸರಳು. ಮುಂದುಗಡೆ ಇಂಜಿನ್ನಿನಿಂದ ಹೊಗೆ ಏಳುತ್ತಿತ್ತು.

ನಾದಿನಿ ಮೊದಲು ಓಡಿದಳು. ಬೆನ್ನಿನ ಚೀಲ ಬಿಚ್ಚುವಷ್ಟೂ ವ್ಯವಧಾನವಿರಲಿಲ್ಲ. ಅವಳ ಹಿಂದೆ ಅತ್ತಿಗೆ. ಇಬ್ಬರೂ ಬಸ್ಸಿನ ಮೇಲೆ ಹತ್ತಿ, ಸರಳಿಗೆ ಕೊಕ್ಕೆ ಸಿಕ್ಕಿಸಿ, ಕಾಲನ್ನು ಅಂಚಿಗೆ ಒತ್ತಿ, ಹಿಂದಕ್ಕೆ ಬಿದ್ದು ಎಳೆದರು. ವರ್ಷಗಟ್ಟಲೆ ಅವರು ಮಾಡಿದ್ದು ಅದೇ ಕೆಲಸ. ಸರಳು ಬಾಗಿತು, ಕಿತ್ತು ಬಂತು. ಕೈ ಇಳಿಬಿಟ್ಟರು. ಕೈಗೆ ಸಿಕ್ಕಿದ್ದನ್ನು ಎಳೆದರು. ಕೂದಲು ಸಿಕ್ಕರೆ ಕೂದಲು, ಕಾಲರ್ ಸಿಕ್ಕರೆ ಕಾಲರ್. ಒಬ್ಬ ಮೇಷ್ಟ್ರು ಮೇಲೆ ಬರುವಾಗ ಒಡೆದ ಗಾಜಿಗೆ ಹೊಟ್ಟೆ ಸೀಳಿಕೊಂಡರು. ನಿಧಾನ, ನಿಧಾನ ಎಂದು ಕಿರುಚಿದರು. ನಿಧಾನ ಮಾಡಿದ್ರೆ ಸುಟ್ಟ ಬದನೆಕಾಯಿ ಆಗ್ತೀರಿ ಮೇಷ್ಟ್ರೇ ಎಂದು ನಾದಿನಿ ಅವರನ್ನು ಚೀಲದಂತೆ ಎತ್ತಿ ಕೆಳಗೆ ಉರುಳಿಸಿದಳು. ಗುಡ್ಡದ ಇನ್ನಷ್ಟು ಜನ ಬಂದು ಕೆಳಗೆ ಹಿಡಿದುಕೊಂಡರು. ಬೆಂಕಿ ಹಿಂದಕ್ಕೆ ನಡೆದು ಬರುತ್ತಿತ್ತು. ತಗಡು ಕಾದು ಮೊಣಕಾಲಿನ ಚರ್ಮ ಅಂಟಿಕೊಳ್ಳುತ್ತಿತ್ತು. ಎತ್ತಿ ಇಟ್ಟಾಗಲೆಲ್ಲ ಒಂದಿಷ್ಟು ಚರ್ಮ ಅಲ್ಲೇ ಉಳಿಯುತ್ತಿತ್ತು.

ಕೊನೆಯಲ್ಲಿ ಒಳಗೆ ಉಳಿದವಳು ಒಬ್ಬ ತಾಯಿ. ಮುರಿದ ಸೀಟಿನ ಅಡಿಯಲ್ಲಿ ಅವಳ ಪಾದ ಸಿಕ್ಕಿಕೊಂಡಿತ್ತು. ಅವಳು ಎರಡೂ ಕೈಯಲ್ಲಿ ಕೂಸನ್ನು ಎತ್ತಿ ಕಿಟಕಿಯ ಕಡೆ ಚಾಚಿದಳು. ನಾದಿನಿ ಹೊಟ್ಟೆಯ ಮೇಲೆ ಮಲಗಿ ತೋಳು ಇಳಿಬಿಟ್ಟು ಕೂಸನ್ನು ತೆಗೆದುಕೊಂಡಳು.

ಕೂಸು ಅಳುತ್ತಿರಲಿಲ್ಲ. ಮುಖ ನೀಲಿಗಟ್ಟಿತ್ತು. ಮೂಗಿನಲ್ಲಿ, ಬಾಯಲ್ಲಿ ಮಸಿ. ನಾದಿನಿ ಅದನ್ನು ಅಂಗೈ ಮೇಲೆ ಬೋರಲು ಹಾಕಿ ಬೆನ್ನಿಗೆ ತಟ್ಟಿದಳು. ಏನೂ ಇಲ್ಲ. ಇನ್ನೊಮ್ಮೆ ತಟ್ಟಿದಳು. ಆಮೇಲೆ ತಲೆ ಎತ್ತಿ ತಿರುವಿನ ಆಚೆಯ ನಲ್ಲಿಯನ್ನು ನೋಡಿದಳು.

"ನೀರು ಬೇಕು ಅತ್ತಿಗೆ. ನೀನು ಇವಳನ್ನ ಬಿಡಬೇಡ," ಎಂದಳು.

ಬಸ್ಸಿನಿಂದ ಧುಮುಕಿ ಓಡಿದಳು.

*

ಬಸ್ಸಿನ ಮೇಲಿನಿಂದ ಎಲ್ಲ ಕಾಣುತ್ತಿತ್ತು. ಕಾಣಬಾರದಿತ್ತು.

ಅತ್ತಿಗೆ ಬೋರಲು ಮಲಗಿ ತಾಯಿಯ ಎರಡೂ ಮಣಿಕಟ್ಟು ಹಿಡಿದುಕೊಂಡಿದ್ದಳು. ಎಳೆಯುತ್ತಿದ್ದಳು. ಪಾದ ಬರುತ್ತಿರಲಿಲ್ಲ. ಹೊಗೆಗೆ ಮುಖ ತಿರುಗಿಸಿದಾಗ ರಸ್ತೆ ಕಂಡಿತು. ನಾದಿನಿ ಕೂಸನ್ನು ಎದೆಗವಚಿಕೊಂಡು ಬಂಕಿನ ಕಡೆ ಓಡುತ್ತಿದ್ದಳು. ಮಸಿ ಬಳಿದ ಮುಖ, ಹರಿದ ಬಟ್ಟೆ, ಕೆದರಿದ ಕೂದಲು, ಬೆನ್ನಿಗೆ ಚೀಲ. ಎದುರಿನಿಂದ ಬಂಕಿನ ಜನ ಮೊಬೈಲು ಎತ್ತಿ ಹಿಡಿದು ಬರುತ್ತಿದ್ದರು. ಆ ವಾರವೆಲ್ಲ ಅದೇ ಮೊಬೈಲುಗಳಲ್ಲಿ ಒಂದು ಸುದ್ದಿ ಓಡಾಡುತ್ತಿತ್ತು. ಊರಿಗೆ ಮಕ್ಕಳ ಕಳ್ಳಿಯರು ಬಂದಿದ್ದಾರೆ. ಬೆನ್ನಿಗೆ ಚೀಲ ಕಟ್ಟಿಕೊಂಡಿರುತ್ತಾರೆ.

ಯಾರೋ ಕಳ್ಳಿ ಎಂದರು. ಒಬ್ಬ ಅಂದದ್ದು ಹತ್ತು ಬಾಯಾಯಿತು.

ಬಂಕಿನ ಮಾಲೀಕನ ಕೈಯಲ್ಲಿ ಟಯರು ಬಿಚ್ಚುವ ರಾಡು ಇತ್ತು. ಅವನು ಅದನ್ನು ಮೊದಲು ಅವಳ ಹೆಗಲಿಗೆ ಬೀಸಿದ. ನಾದಿನಿ ಬೀಳಲಿಲ್ಲ. ಏಟು ಕೂಸಿಗೆ ತಾಗದಂತೆ ಬೆನ್ನು ಕೊಟ್ಟು ತಿರುಗಿದಳು. ಎರಡನೆಯದು ಬೆನ್ನಿಗೆ ಬಿತ್ತು. ಅವಳು ಮಂಡಿಯೂರಿದಳು. ಯಾರೋ ಕೂದಲು ಹಿಡಿದು ತಲೆ ಹಿಂದಕ್ಕೆ ಎಳೆದರು. ಮಾಲೀಕ ಕೂಸನ್ನು ಕಿತ್ತುಕೊಂಡ. ಅವಳು ಬಲಗೈ ಎತ್ತಿದಳು. ನಲ್ಲಿಯ ಕಡೆ ಬೆರಳು ತೋರಿಸಿದಳು. ಅತ್ತಿಗೆಗೆ ಅದು ಸ್ಪಷ್ಟವಾಗಿ ಕಂಡಿತು. ಹತ್ತಿರವಿದ್ದವರಿಗೆ ಅದು ಹೊಡೆಯಲು ಎತ್ತಿದ ಕೈಯಾಗಿ ಕಂಡಿತು. ಬೂಟುಗಳು ಬಂದವು. ಕಲ್ಲು ಬಂದವು. ಓಡಿ ಬಂದವರೆಲ್ಲ ಒಂದೊಂದು ಏಟು ಹಾಕಿಯೇ ಮುಂದಕ್ಕೆ ಹೋದರು, ಬೀದಿಬದಿಯ ಗುಡಿಯ ಗಂಟೆ ಬಾರಿಸಿ ಹೋಗುವಂತೆ.

ಅತ್ತಿಗೆ ಕೂಗಿದಳು. ಬೆಂಕಿಯ ಸದ್ದಿನಲ್ಲಿ ಅವಳ ಕೂಗು ಅವಳಿಗೇ ಕೇಳಲಿಲ್ಲ. ಕೆಳಗಿದ್ದ ಗುಡ್ಡದ ಜನ ಗಾಯಾಳುಗಳನ್ನು ಹೊತ್ತು ಆಚೆ ಬದಿಗೆ ಹೋಗಿದ್ದರು. ಕೈಬಿಟ್ಟರೆ ಓಡಬಹುದು. ಓಡಿದರೆ ತಲುಪಬಹುದು. ಕೈಯಲ್ಲಿದ್ದವಳು ಮೇಲೆ ನೋಡಿದಳು. ಬಿಡುತ್ತಾಳೆ ಎಂದು ಅವಳಿಗೆ ಗೊತ್ತಾಗಿಹೋಗಿತ್ತು. ಅವಳೇ ಬೆರಳು ಸಡಿಲ ಮಾಡಿದಳು, ಅಷ್ಟೇ.

ಅತ್ತಿಗೆ ಬಿಡಲಿಲ್ಲ. ಮಣಿಕಟ್ಟು ಇನ್ನೂ ಬಿಗಿಯಾಗಿ ಹಿಡಿದಳು. "ಎಳೀತೀನಿ, ಕಾಲು ಹೋದ್ರೆ ಹೋಗ್ಲಿ, ಎಳೀತೀನಿ," ಎಂದು ಹಲ್ಲು ಕಚ್ಚಿ, ತನ್ನ ಇಡೀ ಮೈಯನ್ನು ಹಿಂದಕ್ಕೆ ಎಸೆದಳು. ಪಾದ ಬಂತು. ಪಾದದ ಚರ್ಮ ಕಾಲ್ಚೀಲ ಕಳಚಿದಂತೆ ಅಲ್ಲೇ ಕಳಚಿತು. ತಾಯಿಯನ್ನು ಕೆಳಗೆ ಉರುಳಿಸಿ, ತಾನೂ ಬಿದ್ದು, ಎದ್ದು ಓಡಿದಳು.

ಅವಳು ತಲುಪುವಾಗ ಹೊಡೆಯುವುದು ಮುಗಿದಿತ್ತು. ಬಂಕಿನ ಕೆಲಸದವನೊಬ್ಬ ಅದೇ ನಲ್ಲಿಯ ನೀರನ್ನು ಕೂಸಿನ ಮುಖಕ್ಕೆ ಚಿಮುಕಿಸಿದ್ದ. ಕೂಸು ಕೆಮ್ಮಿ, ವಾಂತಿ ಮಾಡಿ, ಅಳಲು ಶುರುಮಾಡಿತ್ತು. ಜನ ಮಾಲೀಕನ ಬೆನ್ನು ತಟ್ಟುತ್ತಿದ್ದರು. ಅವನು ಕೂಸನ್ನು ಎತ್ತಿ ಹಿಡಿದು ಮೊಬೈಲುಗಳಿಗೆ ಮುಖ ಕೊಟ್ಟು ನಿಂತಿದ್ದ.

ನಾದಿನಿ ಎಣ್ಣೆ ಚೆಲ್ಲಿದ ನೆಲದ ಮೇಲೆ ಮಗ್ಗುಲಾಗಿ ಬಿದ್ದಿದ್ದಳು. ಒಂದು ಕಣ್ಣು ಇರಲಿಲ್ಲ. ದವಡೆ ಒಂದು ಕಡೆಗೆ ಸರಿದುಹೋಗಿ, ಊರಿಗೆಲ್ಲ ಕೇಳುವಂತೆ ಮಾತಾಡುತ್ತಿದ್ದ ಬಾಯಿ ಮಾತಾಡುವ ಬಾಯಾಗಿ ಉಳಿದಿರಲಿಲ್ಲ.

ಆಸ್ಪತ್ರೆಯಲ್ಲಿ ಬಸ್ಸಿನವರಿಗೆ ಹಾಸಿಗೆ ಸಿಕ್ಕಿತು. ನಾದಿನಿಯನ್ನು ಕಾರಿಡಾರಿನಲ್ಲಿ ನೆಲಕ್ಕೆ ಹಾಕಿದರು. ಈ ಗಲೀಜಿನಲ್ಲಿ ಒಳಗೆ ತಗೊಳ್ಳೋಕಾಗಲ್ಲ, ಮೊದಲು ತೊಳೀಬೇಕು ಎಂದರು. ತೊಳೆಯಲು ಯಾರೂ ಬರಲಿಲ್ಲ. ಅತ್ತಿಗೆಯೇ ಬಕೆಟ್ಟು ತಂದಳು. ಅಂಗೈ ಸುಟ್ಟು ಬೊಬ್ಬೆ ಒಡೆದಿತ್ತು. ಅದೇ ಕೈಯಲ್ಲಿ ಮಸಿ ತೊಳೆದಳು, ರಕ್ತ ತೊಳೆದಳು, ಕೂದಲಿನಲ್ಲಿ ಸಿಕ್ಕಿದ್ದ ಕಲ್ಲಿನ ಚೂರು ತೆಗೆದಳು. ಕಾಲು ತೊಳೆಯುವಾಗ ನಾದಿನಿಯ ಉಸಿರು ನಿಂತಿತು. ಸ್ವಚ್ಛವಾದ ಹೆಣವನ್ನು ಒಳಗೆ ತೆಗೆದುಕೊಂಡರು.

ಠಾಣೆಯಲ್ಲಿ ಹೇಳಿದರೆ ದಫೇದಾರ ನೂಕುನುಗ್ಗಲಿನಲ್ಲಿ ಸತ್ತದ್ದು ಎಂದ. ಹೊಡೆದರು, ನಾನು ನೋಡಿದೆ ಎಂದಳು. ಅಂಗೈ ಬಿಚ್ಚಿ ಅವಳ ಕೆನ್ನೆಗೆ ಬಿಟ್ಟ. ಕಳ್ಳಿಯ ಕುಲದವಳು ನೀನು, ನಿನ್ನ ಮೇಲೆ ಕೇಸು ಹಾಕದೆ ಬಿಟ್ಟಿದೀವಲ್ಲ, ಅದೇ ಪುಣ್ಯ ಅಂದುಕೋ ಎಂದ.

ಅಲ್ಲಿಂದ ಅತ್ತಿಗೆ ಮಾತು ಕಡಿಮೆ ಮಾಡಿದಳು. ಕೊಕ್ಕೆ ಹಿಡಿದರೆ ಸುಟ್ಟ ಅಂಗೈ ಬಿರಿಯುತ್ತಿತ್ತು. ಬಿರಿಯಲಿ ಎಂದು ಹಿಡಿಯುತ್ತಿದ್ದಳು. ಬಂಕಿನ ಮಾಲೀಕನ ಮೇಲೆ ಇದ್ದ ಸಿಟ್ಟು ಅವಳಿಗೆ ಅರ್ಥವಾಗುತ್ತಿತ್ತು. ಅರ್ಥವಾಗದೆ ಸುಡುತ್ತಿದ್ದದ್ದು ಇನ್ನೊಂದು ಸಿಟ್ಟು. ಆ ತಾಯಿಯ ಮೇಲಿನದು. ಎಲ್ಲೋ ಒಂದು ಮನೆಯಲ್ಲಿ, ಹಾಸಿಗೆಯ ಮೇಲೆ, ಕೂಸನ್ನು ಪಕ್ಕದಲ್ಲಿ ಹಾಕಿಕೊಂಡು ಅವಳು ಮಲಗಿರುತ್ತಾಳೆ. ಅವಳ ಮಣಿಕಟ್ಟನ್ನು ಬಿಟ್ಟಿದ್ದರೆ ನನ್ನವಳು ಇಲ್ಲಿರುತ್ತಿದ್ದಳು. ಹೀಗೆ ಅಂದುಕೊಳ್ಳುತ್ತಿದ್ದಳು. ಅಂದುಕೊಂಡದ್ದಕ್ಕೆ ತನ್ನನ್ನೇ ಬೈದುಕೊಳ್ಳುತ್ತಿದ್ದಳು. ಮತ್ತೆ ಅಂದುಕೊಳ್ಳುತ್ತಿದ್ದಳು.

ಹೊಟ್ಟೆ ಸೀಳಿದ ಮೇಷ್ಟ್ರು ವಾಸಿಯಾಗಿ ಎದ್ದ ಮೇಲೆ ಪತ್ರಿಕೆಯವರ ಮುಂದೆ ಬಾಯಿಬಿಟ್ಟರು. ನಮ್ಮನ್ನು ಎಳೆದವರು ಕಸದ ಗುಡ್ಡದ ಹೆಂಗಸರು ಎಂದರು. ಹಾಗಾಗಿ ಕಚೇರಿಗೆ ಒಬ್ಬಳನ್ನಾದರೂ ಕರೆಯದೆ ವಿಧಿಯಿರಲಿಲ್ಲ.

*

ಸಭಾಂಗಣದ ಹಿಂಬಾಗಿಲಿನಿಂದ ಅವಳನ್ನು ಒಳಗೆ ಬಿಟ್ಟರು. ಕಚೇರಿಯ ಬಟ್ಟೆ ಗಂಜಿ ಹಾಕಿದ್ದು, ಕುತ್ತಿಗೆಗೆ ಚುಚ್ಚುತ್ತಿತ್ತು. ಒಬ್ಬ ಹೆಂಗಸು ದೂರದಿಂದಲೇ ಅವಳ ಮೇಲೆ ಸೆಂಟು ಹೊಡೆದಳು, ಜಿರಳೆಗೆ ಹೊಡೆಯುವಂತೆ. ವೇದಿಕೆಯ ಕೊನೆಯ ಕುರ್ಚಿ ಅವಳದು. ಅದರ ಮೇಲೆ ಮಾತ್ರ ಪತ್ರಿಕೆ ಹಾಸಿದ್ದರು.

ಬಂಕಿನ ಮಾಲೀಕ ಅಧ್ಯಕ್ಷರ ಪಕ್ಕದಲ್ಲಿ ಕೂತಿದ್ದ. ಹತ್ತಿರದಿಂದ ನೋಡಿದರೆ ಸಾಧಾರಣ ಮುಖ. ಕ್ಷೌರ ಮಾಡಿಸಿಕೊಂಡು ಬಂದಿದ್ದ. ಗಲ್ಲದ ಮೇಲೆ ಬ್ಲೇಡು ತಾಗಿದ ಸಣ್ಣ ಗಾಯಕ್ಕೆ ಹತ್ತಿ ಅಂಟಿಸಿಕೊಂಡಿದ್ದ. ಆ ಗಾಯವನ್ನು ಆಗಾಗ ಮುಟ್ಟಿ ನೋಡಿಕೊಳ್ಳುತ್ತಿದ್ದ. ಅತ್ತಿಗೆ ಅದನ್ನೇ ನೋಡುತ್ತ ಕೂತಳು.

ಅಧ್ಯಕ್ಷರು ಮಾತಾಡಿದರು. ಸಾಮಾನ್ಯ ಜನರೇ ಈ ನಗರದ ಆಸ್ತಿ ಎಂದರು. ಚಾಲಕನಿಗೆ, ನರ್ಸಿಗೆ ಪದಕ ಹಾಕಿದರು. ಆಮೇಲೆ ಮಾಲೀಕನಿಗೆ. ಅವನು ಮೈಕಿನ ಮುಂದೆ ನಿಂತು ಹೇಳಿದ. ಬೆಂಕಿಯ ಗದ್ದಲದಲ್ಲಿ ಒಬ್ಬ ಹೊಲಸು ಹೆಂಗಸು ಕೂಸನ್ನು ಕದ್ದು ಓಡುತ್ತಿದ್ದಳು. ಅವಳ ಕೈಯಲ್ಲಿ ಆಯುಧವಿತ್ತೋ ಏನೋ ಗೊತ್ತಿರಲಿಲ್ಲ. ನನ್ನ ಜೀವದ ಆಸೆ ಬಿಟ್ಟು ಮುಂದೆ ನುಗ್ಗಿದೆ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಫೋಟೋಕ್ಕೆಂದು ಕೂಸನ್ನು ವೇದಿಕೆಗೆ ತಂದರು. ತಂದವಳು ಕೂಸಿನ ಅಜ್ಜಿ. ಅವಳ ಹಿಂದೆ ಊರುಗೋಲು ಊರಿಕೊಂಡು, ಬ್ಯಾಂಡೇಜಿನ ಪಾದ ಎಳೆಯುತ್ತ ಕೂಸಿನ ತಾಯಿ ಬಂದಳು. ಕೂಸನ್ನು ಮಾಲೀಕನ ತೋಳಿಗೆ ಕೊಟ್ಟರು. ಅವನು ಅದರ ಕೆನ್ನೆಗೆ ಮುತ್ತು ಕೊಟ್ಟ.

ಆಮೇಲೆ ಅತ್ತಿಗೆಯನ್ನು ಕರೆದರು. ಅಧ್ಯಕ್ಷರು ಪದಕದ ಪಟ್ಟಿಯನ್ನು ಎರಡು ಬೆರಳ ತುದಿಯಲ್ಲಿ ಹಿಡಿದು, ಅವಳ ಕೂದಲು ತಾಗದಂತೆ ಮೇಲಿನಿಂದ ಬಿಟ್ಟರು. ಅದು ಕಿವಿಗೆ ಸಿಕ್ಕಿಕೊಂಡಿತು. ಅವರು ಸರಿಮಾಡಲಿಲ್ಲ. ಅವಳೇ ಕಿತ್ತು ಕೈಯಲ್ಲಿ ಹಿಡಿದುಕೊಂಡಳು. ಗುಮಾಸ್ತ ಪಕ್ಕದಿಂದ, ನಮಸ್ಕಾರ ಹೇಳಿ ಇಳಿ ಎಂದು ಪಿಸುಗುಟ್ಟಿದ. ಅವಳು ಮೈಕಿನ ಕಡೆ ನಡೆದಳು.

"ಕಳ್ಳಿ ಅಂದ್ರಲ್ಲ, ಅವಳು ನನ್ನ ನಾದಿನಿ," ಎಂದಳು. "ಕೂಸನ್ನ ಕದ್ದಿಲ್ಲ. ಉಸಿರು ನಿಂತಿತ್ತು, ನೀರಿಗೆ ಓಡಿದ್ಲು. ಇವನು ರಾಡಿನಲ್ಲಿ ಹೊಡೆದ. ನೀವೆಲ್ಲ ಹೊಡೆದ್ರಿ. ಇಲ್ಲಿ ಚಪ್ಪಾಳೆ ತಟ್ಟಿದ ಕೈಗಳಲ್ಲಿ ಎಷ್ಟು ಕೈ ಅವತ್ತು—"

ಮೈಕು ನಿಂತುಹೋಯಿತು. ಗುಮಾಸ್ತ ತಂತಿ ಕಿತ್ತಿದ್ದ. ಅದರಿಂದ ಏನೂ ಆಗಲಿಲ್ಲ. ಲಾರಿ ಇಂಜಿನ್ನಿನ ಸದ್ದನ್ನು ಮೀರಿ ಕೂಗಿ ಅಭ್ಯಾಸವಾದ ಗಂಟಲು ಅದು.

"ಬಿದ್ದವಳು ಕೈ ಎತ್ತಿದ್ದು ಹೊಡೆಯೋಕಲ್ಲ. ನಲ್ಲಿ ತೋರ್ಸೋಕೆ. ಅವಳು ತೋರ್ಸಿದ ನೀರಿಂದಾನೇ ಈ ಕೂಸು ಬದುಕಿದ್ದು. ನನಗೆ ಪದಕ ಬೇಡ. ಇವನ ಕೊರಳಿಂದ ಅದನ್ನ ತೆಗೀರಿ."

ಮಾಲೀಕ ಕೂಸನ್ನು ಅಜ್ಜಿಯ ಕೈಗೆ ಕೊಟ್ಟು ಅವಳ ಹತ್ತಿರ ಬಂದ. ನಗುತ್ತಲೇ ಬಂದ, ಸಭೆಗೆ ಕಾಣಲೆಂದು. ಅವಳಿಗೆ ಮಾತ್ರ ಕೇಳುವಂತೆ ಹೇಳಿದ. "ಇಳಿ ಕಸದವಳೇ. ಅವಳ ಪಕ್ಕದಲ್ಲೇ ಇನ್ನೊಂದು ಗುಂಡಿ ಇದೆ."

ಅವಳು ಪದಕವನ್ನು ಮುಷ್ಟಿಯೊಳಗೆ ಹಿಡಿದೇ ಗುದ್ದಿದಳು. ತಗಡು ಎಳೆಯುವ ತೋಳು. ಮೂಗಿನ ಮೂಳೆ ಮುರಿದದ್ದು ಮುಂದಿನ ಸಾಲಿಗೆ ಕೇಳಿಸಿತು. ಎರಡನೆಯ ಗುದ್ದು ಬಾಯಿಗೆ. ಅವನು ಹಿಂದಕ್ಕೆ ಕುರ್ಚಿಗಳ ಮೇಲೆ ಬಿದ್ದ. ಅವಳು ಅವನ ಎದೆಯ ಮೇಲೆ ಮಂಡಿಯಿಟ್ಟು ಪದಕದ ಪಟ್ಟಿಯನ್ನು ಹಿಡಿದು ಎಳೆದಳು. ಪಟ್ಟಿ ಹರಿಯಲಿಲ್ಲ, ಅವನ ಕುತ್ತಿಗೆ ಬಿಗಿಯಿತು. ಮುಖ ನೀಲಿಗಟ್ಟತೊಡಗಿತು. ಆ ನೀಲಿಯನ್ನು ಅವಳು ಹಿಂದೆ ನೋಡಿದ್ದಳು. ಕೈ ತಾನಾಗಿಯೇ ಸಡಿಲವಾಯಿತು.

ಅಷ್ಟರಲ್ಲಿ ಸಭೆಯವರು ಅವಳ ಮೇಲೆ ಬಿದ್ದರು. ಕುರ್ಚಿಯಿಂದ ಹೊಡೆದರು. ಬೆನ್ನಿಗೆ, ಪಕ್ಕೆಗೆ ಬೂಟು. ಪೊಲೀಸರ ಲಾಠಿ. ಅದೇ ಜನ, ಅದೇ ಹುಮ್ಮಸ್ಸು. ಅತ್ತಿಗೆ ತೋಳಿನಲ್ಲಿ ತಲೆ ಮುಚ್ಚಿಕೊಂಡು ಕೂಗಿದಳು. "ಹೊಡೀರಿ. ಎಳೀತೀನಿ ನಿಮ್ಮನ್ನೆಲ್ಲ, ಕಾಲು ಹೋದ್ರೆ ಹೋಗ್ಲಿ, ಬೀದಿಗೆ ಎಳೀತೀನಿ."

ಆ ದನಿಗೆ ಊರುಗೋಲು ಕೆಳಗೆ ಬಿತ್ತು.

ಕೂಸಿನ ತಾಯಿ ಆವರೆಗೆ ನಡೆಯುತ್ತಿದ್ದದ್ದನ್ನು ಗೋಡೆಗೊರಗಿ ನೋಡುತ್ತಿದ್ದಳು. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟ ದಿನದಿಂದ ಅವಳು ಹೇಳುತ್ತಲೇ ಇದ್ದಳು, ಕೂಸನ್ನು ನಾನೇ ಕಿಟಕಿಯಿಂದ ಒಬ್ಬಳ ಕೈಗೆ ಕೊಟ್ಟೆ ಎಂದು. ಗಂಡ, ಅತ್ತೆ, ಮೈದುನ ಎಲ್ಲರೂ ಹೊಗೆ ತಲೆಗೆ ಏರಿ ಹಾಗನಿಸುತ್ತಿದೆ ಎಂದಿದ್ದರು. ಕಡೆಗೆ ಅವಳೂ ನಂಬಿದ್ದಳು. ಹೊಗೆಯಲ್ಲಿ ಮುಖ ಕಂಡಿರಲಿಲ್ಲ. ಕಾಲು ಹೋದ್ರೆ ಹೋಗ್ಲಿ ಎಂದ ಈ ದನಿ ಮಾತ್ರ ಸುಳ್ಳಾಗಿರಲಿಲ್ಲ. ಅವಳು ಕುಂಟುತ್ತ ಬಂದು ಲಾಠಿಗಳ ನಡುವೆ ನುಗ್ಗಿದಳು. ಒಂದು ಏಟು ಅವಳ ಮೊಣಕೈಗೂ ಬಿತ್ತು.

"ನಾನೇ ಕೊಟ್ಟೆ," ಎಂದಳು. "ಕೂಸನ್ನ ನಾನೇ ಕೊಟ್ಟೆ. ಕಿಟಕಿಯಿಂದ ನಾನೇ ಕೊಟ್ಟೆ."

ಅದನ್ನೇ ಹೇಳುತ್ತ ಹೋದಳು. ಮೊದಲು ಯಾರೂ ಕಿವಿಗೊಡಲಿಲ್ಲ. ಆಮೇಲೆ ಲಾಠಿ ಹಿಡಿದ ಒಬ್ಬ ನಿಂತ. ಅವನನ್ನು ನೋಡಿ ಇನ್ನೊಬ್ಬ ನಿಂತ. ಮುಂದಿನ ಸಾಲಿನಲ್ಲಿ ಮೊಬೈಲು ಎತ್ತಿ ಹಿಡಿದಿದ್ದವನೊಬ್ಬ ಅದನ್ನು ಜೇಬಿಗೆ ಹಾಕಿಕೊಂಡು, ಯಾರ ಮುಖವನ್ನೂ ನೋಡದೆ ಬಾಗಿಲಿನ ಕಡೆ ನಡೆದ.

*

ಅತ್ತಿಗೆಯನ್ನು ಲಾಕಪ್ಪಿಗೆ ಹಾಕಿದರು. ಎರಡು ಪಕ್ಕೆಲುಬು ಮುರಿದಿದ್ದವು. ಉಸಿರು ಎಳೆದುಕೊಂಡರೆ ಒಳಗೆ ಕತ್ತರಿ ಆಡಿಸಿದಂತಾಗುತ್ತಿತ್ತು. ಅದೇ ದಫೇದಾರ ಬಂದು ಈ ಸಲ ಮೆತ್ತಗೆ ಮಾತಾಡಿದ. ಸಾಹೇಬರ ಹತ್ತಿರ ಕ್ಷಮೆ ಕೇಳಿಬಿಡು, ಅವರು ದೊಡ್ಡ ಮನಸ್ಸು ಮಾಡುತ್ತಾರೆ, ಮನೆಗೆ ಹೋಗು ಎಂದ.

"ಅವನ ಒಂದು ಹಲ್ಲು ಬಿದ್ದಿದೆ," ಎಂದಳು. "ಬಾಕಿಯವು ಇನ್ನೂ ಇದಾವೆ ಅಂತ ಬರ್ಕೊಳ್ಳಿ."

ಆದರೆ ಆ ಹೊತ್ತಿಗೆ ಮಾತು ಅವರ ಕೈಮೀರಿತ್ತು. ಕೂಸಿನ ತಾಯಿ ಸಭಾಂಗಣದಿಂದ ನೆಟ್ಟಗೆ ಠಾಣೆಗೇ ಬಂದಿದ್ದಳು. ಬರೆದುಕೊಳ್ಳುವವರೆಗೆ ಏಳುವುದಿಲ್ಲ ಎಂದು ಮೆಟ್ಟಿಲ ಮೇಲೆ ಕೂತಿದ್ದಳು. ಮೇಷ್ಟ್ರು ಬಂದರು. ಬಾಟ್ಲಿ ತಾತನ ಹಿಂದೆ ಗುಡ್ಡದವರೆಲ್ಲ ಬಂದು ಠಾಣೆಯ ಮುಂದೆ ನಿಂತರು. ಆ ದಿನ ಲಾರಿಗಳು ಸುರಿದುಹೋದ ರಾಶಿಯನ್ನು ಯಾರೂ ಮುಟ್ಟಲಿಲ್ಲ. ಅವರ ನಾತಕ್ಕೆ ಠಾಣೆಯವರು ಕಿಟಕಿ ಮುಚ್ಚಿದರು, ಸೆಕೆಗೆ ತೆರೆದರು, ಮತ್ತೆ ಮುಚ್ಚಿದರು. ಕೊನೆಗೆ ದೂರು ಬರೆದುಕೊಂಡರು. ಮಾಲೀಕನ ಮೇಲೆ ಕೊಲೆಯ ಕೇಸು, ಅತ್ತಿಗೆಯ ಮೇಲೆ ಹಲ್ಲೆಯ ಕೇಸು. ಅವಳನ್ನು ಜಾಮೀನಿನ ಮೇಲೆ ಬಿಟ್ಟರು.

ಕೋರ್ಟಿನಲ್ಲಿ ಮಾಲೀಕನ ವಕೀಲ ಕಟಕಟೆಯಲ್ಲಿದ್ದ ಅವಳನ್ನು ನಯವಾಗಿ ಕೇಳಲು ಶುರುಮಾಡಿದ. ಬಸ್ಸಿನ ಮೇಲಿನಿಂದ ನೋಡಿದ್ದು ನಿಜವೇ? ನಿಜ. ಎಲ್ಲ ಚೆನ್ನಾಗಿ ಕಾಣುತ್ತಿತ್ತೇ? ಕಾಣುತ್ತಿತ್ತು. ಒಂದೇ ಗೂಡಿನಲ್ಲಿ ಬಾಳಿದವಳು, ತಂಗಿಯಂಥವಳು, ಅಲ್ಲವೇ? ಹೌದು. ಅವನು ನ್ಯಾಯಾಧೀಶರ ಕಡೆ ಒಮ್ಮೆ ನೋಡಿ, ಅವಳ ಕಡೆ ತಿರುಗಿದ.

"ತಂಗಿಯಂಥವಳನ್ನ ಹೊಡೆದು ಸಾಯಿಸ್ತಿದ್ರೆ ಯಾರಾದ್ರೂ ಸುಮ್ಮನೆ ನೋಡ್ತಾ ಇರ್ತಾರೇನಮ್ಮ? ನೀನು ಯಾಕೆ ಓಡಿಹೋಗಿ ಬಿಡಿಸಲಿಲ್ಲ? ಅವಳು ಕದ್ದಿದ್ದಾಳೆ ಅಂತ ನಿನಗೂ ಗೊತ್ತಿತ್ತು. ನೀನೂ ಸಿಕ್ಕಿಬೀಳ್ತೀಯ ಅಂತ ಹೆದರಿದೆ. ಹೌದೋ ಅಲ್ಲವೋ?"

ಅತ್ತಿಗೆ ಕಟಕಟೆಯ ಮರವನ್ನು ಹಿಡಿದುಕೊಂಡಳು. ತಲೆ ಬಗ್ಗಿಸಿ, ಅದನ್ನು ಹಿಡಿದಿದ್ದ ತನ್ನ ಕೈಗಳನ್ನು ನೋಡಿದಳು. ವಕೀಲನ ಮುಖದಲ್ಲಿ ಗೆಲುವು ಕಾಣಿಸಿಕೊಂಡಿತು.

"ನನ್ನ ಕೈಯಲ್ಲಿ ಇವಳಿದ್ದಳು," ಎಂದಳು.

ಬೆಂಚಿನ ತುದಿಯಲ್ಲಿ ಊರುಗೋಲು ಹಿಡಿದು ಕೂತಿದ್ದವಳ ಕಡೆ ತೋರಿಸಿದಳು.

ನ್ಯಾಯಾಧೀಶರು ಕನ್ನಡಕ ತೆಗೆದು ಒರೆಸಿಕೊಂಡರು. ಆ ಮಾತನ್ನು ಆಕೆ ಹೇಳಿದಂತೆಯೇ ಬರೆದುಕೊಳ್ಳಿ ಎಂದರು.

ಹೊರಗೆ ಜಗಲಿಯಲ್ಲಿ ಕೂಸಿನ ತಾಯಿ ಅವಳ ಮುಂದೆ ನಿಂತು ಅಳುತ್ತಿದ್ದಳು. ನಿಮ್ಮ ಋಣ ಹೇಗೆ ತೀರಿಸಲಿ ಅಕ್ಕ ಎಂದು ಕಾಲು ಮುಟ್ಟಲು ಬಗ್ಗಿದಳು. ಅತ್ತಿಗೆ ರಟ್ಟೆ ಹಿಡಿದು ನಿಲ್ಲಿಸಿದಳು.

"ಅಳಬೇಡ," ಎಂದಳು. "ಅವತ್ತು ನಿನ್ನ ಕೈಬಿಟ್ಟುಬಿಡೋಣ ಅಂತ ಅನ್ನಿಸಿತ್ತು ನಂಗೆ. ನಿಂಗೂ ಗೊತ್ತಾಗಿತ್ತು. ಆಮೇಲೆ ಎಷ್ಟೋ ಸಲ ಬಿಡಬೇಕಿತ್ತು ಅಂತಾನೂ ಅನ್ನಿಸಿದೆ. ಇವತ್ತೂ ಬೆಳಿಗ್ಗೆ ಅನ್ನಿಸ್ತು. ಋಣದ ಮಾತು ಬೇಡ. ಕೋರ್ಟು ಕರೆದಾಗಲೆಲ್ಲ ಬಾ, ಕಂಡದ್ದು ಹೇಳು. ಅಷ್ಟೇ."

ತಾಯಿ ಕಣ್ಣೊರೆಸಿಕೊಂಡಳು. ಗಂಡನ ಮನೆಯವರಿಗೆ ಬಂಕಿನ ಮಾಲೀಕ ಬೇಕಾದವನು. ಇನ್ನೊಂದು ಸಲ ಕೋರ್ಟಿನ ಮೆಟ್ಟಿಲು ಹತ್ತಿದರೆ ಈ ಮನೆಯ ಮೆಟ್ಟಿಲು ಮರೆತುಬಿಡು ಎಂದಿದ್ದರು. ಅದನ್ನು ಹೇಳಿದಳು. ಅತ್ತಿಗೆ ಕೇಳಿಸಿಕೊಂಡಳು, ಸಮಾಧಾನ ಹೇಳಲಿಲ್ಲ.

"ಬರ್ತೀನಿ," ಎಂದಳು ತಾಯಿ.

ಬಂದಳು. ಮುಂದಿನ ಸಲವೂ ಬಂದಳು, ಅದರ ಮುಂದಿನದಕ್ಕೂ. ಗಂಡನ ಮನೆಯ ಬಾಗಿಲು ಮುಚ್ಚಿತು, ತೌರಿನಿಂದ ಬಂದಳು. ಒಂದು ಕೈಯಲ್ಲಿ ಊರುಗೋಲು, ಇನ್ನೊಂದು ಕಂಕುಳಲ್ಲಿ ಕೂಸು, ಹೆಗಲಿಗೆ ತೌರಿನಿಂದ ತಂದ ಬಟ್ಟೆಯ ಗಂಟು. ಮಾಲೀಕ ಜಾಮೀನಿನ ಮೇಲೆ ಹೊರಗಿದ್ದಾನೆ, ಸೊಟ್ಟ ಮೂಗಿನಲ್ಲಿ ಉಸಿರಾಡುತ್ತ ಎದುರಿನ ಬೆಂಚಿನಲ್ಲಿ ಕೂರುತ್ತಾನೆ. ವಕೀಲರು ಮುಂದಿನ ದಿನಾಂಕ ಕೇಳುತ್ತಾರೆ, ಕೋರ್ಟು ಕೊಡುತ್ತದೆ. ಅತ್ತಿಗೆ ಒಂದು ಹೊತ್ತಿನ ಲಾರಿ ಬಿಟ್ಟು, ಕೈಕಾಲು ತೊಳೆಯದೆ ಹಾಗೇ ಬಂದು, ಬೆಂಚಿನ ನಟ್ಟನಡುವೆ ಕೂರುತ್ತಾಳೆ. ಅಕ್ಕಪಕ್ಕದವರು ಎದ್ದು ಹೋದರೆ ಹೋಗಲಿ. ತಾಯಿ ಮಾತ್ರ ಬಂದು ಅವಳನ್ನು ಒತ್ತಿಕೊಂಡೇ ಕೂರುತ್ತಾಳೆ. ಕೇಸು ಇನ್ನೂ ನಡೆಯುತ್ತಿದೆ. ಕೂಸು ನಡೆಯಲು ಕಲಿತದ್ದು ಆ ಕೋರ್ಟಿನ ಜಗಲಿಯಲ್ಲೇ.